ಅಗೆಯುವ ಯಂತ್ರ ಮತ್ತು ಕರ್ತೃತ್ವದ ಪ್ರಶ್ನೆ

ಭೂಮಿಯನ್ನು ಅಗೆಯುವುದು ಪುಣ್ಯವೋ ಪಾಪವೋ ಎಂಬ ಪ್ರಶ್ನೆಗೆ ಭಾರತೀಯ ಧರ್ಮಚಿಂತನೆ ಒಂದೇ ಉತ್ತರವನ್ನು ಕೊಟ್ಟಿಲ್ಲ. ಕೆರೆ, ಬಾವಿ, ಕಲ್ಯಾಣಿಗಳನ್ನು ತೋಡಿಸುವುದನ್ನು ಧರ್ಮಶಾಸ್ತ್ರಗಳು ‘ಪೂರ್ತ’ ಎಂದು, ಅಂದರೆ ಲೋಕದ ಉಪಯೋಗಕ್ಕಾಗಿ ಮಾಡುವ ಪುಣ್ಯಕರ್ಮವೆಂದು ಗುರುತಿಸಿ, ಯಜ್ಞಯಾಗಗಳಾದ ‘ಇಷ್ಟ’ದ ಪಕ್ಕದಲ್ಲಿಯೇ ಅದಕ್ಕೆ ಸ್ಥಾನ ಕೊಟ್ಟಿವೆ. ಅದೇ ಪರಂಪರೆಗೆ ಸೇರಿದ ಮನುಸ್ಮೃತಿಯಾದರೋ ತನ್ನ ಹನ್ನೊಂದನೆಯ ಅಧ್ಯಾಯದಲ್ಲಿ ಗಣಿಗಳ ಮೇಲಿನ ಅಧಿಕಾರವನ್ನೂ ‘ಮಹಾಯಂತ್ರ ಪ್ರವರ್ತನ’ವನ್ನೂ, ಎಂದರೆ ದೊಡ್ಡ ಯಂತ್ರಗಳನ್ನು ನಡೆಸುವುದನ್ನೂ, ಉಪಪಾತಕಗಳ, ಅಂದರೆ ಮಹಾಪಾತಕಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಪಾಪಗಳ, ಪಟ್ಟಿಗೆ ಸೇರಿಸುತ್ತದೆ. ಇಲ್ಲಿ ಹೇಳಿರುವ ಯಂತ್ರವೆಂದರೆ ಹರಿಯುವ ನೀರನ್ನು ತಡೆಯುವ ಕಟ್ಟೆಗಳು ಎಂದು ಅರ್ಥ ಮಾಡಿದ ವ್ಯಾಖ್ಯಾನಕಾರರೂ ಉಂಟು; ಹಾಗಾದರೆ ಒಂದು ಕಡೆ ಪುಣ್ಯವೆನಿಸಿದ್ದು ಇನ್ನೊಂದು ಕಡೆ ಪಾಪವೆನಿಸುವಷ್ಟು ಈ ಪ್ರಶ್ನೆ ತೊಡಕಿನದು. ಸಣ್ಣ ಟ್ರ್ಯಾಕ್ಟರಿನ ಹಿಂದೆ ತಾನೇ ಕಟ್ಟಿದ ಅಗೆಯುವ ಕೈಯೊಂದನ್ನು ಜೋಡಿಸಲು ಹೊರಡುವ ರೈತನಿಗೆ ಈ ಶಾಸ್ತ್ರಚರ್ಚೆ ದೂರದ್ದೆಂದು ತೋರಬಹುದಾದರೂ, ಆ ಚರ್ಚೆ ಯಾವುದನ್ನು ಕುರಿತದ್ದೋ ಅದೇ ವಸ್ತು ಅವನ ವೆಲ್ಡಿಂಗ್ ಶೆಡ್ಡಿನ ನೆಲದ ಮೇಲೆ ಬಿದ್ದಿರುತ್ತದೆ.

ಈ ಯಂತ್ರಕ್ಕೆ ತಾಂತ್ರಿಕ ಹೆಸರು ಬ್ಯಾಕ್‌ಹೋ. ಜನರ ಬಾಯಲ್ಲಿ ಮಾತ್ರ ಅಗೆಯುವ ಹಳದಿ ಯಂತ್ರಗಳೆಲ್ಲವೂ ಜೆಸಿಬಿಯೇ. ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಇಂಗ್ಲಿಷ್ ತಯಾರಕನ ಹೆಸರಿನ ಮೂರು ಮೊದಲಕ್ಷರಗಳಿಂದಾದ ಆ ಹೆಸರಿನ ಕಂಪನಿ 1953ರಲ್ಲಿ ಟ್ರ್ಯಾಕ್ಟರೊಂದಕ್ಕೆ ಅಗೆಯುವ ಕೈಯನ್ನು ಕಟ್ಟಿ ಮಾರಿತು. ಅದಕ್ಕೂ ಮೊದಲು, 1947ರ ಸುಮಾರಿಗೆ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ವೈನೋ ಹೋಲೊಪೈನೆನ್ ಮತ್ತು ರಾಯ್ ಹ್ಯಾಂಡಿ ಎಂಬಿಬ್ಬರು ಫೋರ್ಡ್ ಟ್ರ್ಯಾಕ್ಟರಿಗೆ ಹೈಡ್ರಾಲಿಕ್ ಕೈಯನ್ನು ಜೋಡಿಸಿದ್ದರು. ಹೀಗೆ ಇಂದು ಗುಡ್ಡಗಳನ್ನೇ ಕರಗಿಸುತ್ತಿರುವ ಯಂತ್ರಕುಲದ ಮೂಲಪುರುಷ ಸಣ್ಣ ಟ್ರ್ಯಾಕ್ಟರಿನ ಬೆನ್ನಿಗೆ ಕಟ್ಟಿದ ಒಂದು ಜೋಡಣೆಯೇ. ಮನುಷ್ಯನ ತೋಳಿನಂತೆ ಇದಕ್ಕೆ ಭುಜದಿಂದ ಮೊಣಕೈವರೆಗಿನ ಭಾಗವಾದ ಬೂಮ್, ಮುಂಗೈಯಾದ ಡಿಪ್ಪರ್, ಅಂಗೈಯಾದ ಬಕೆಟ್ ಇದ್ದು, ಈ ಮೂರಕ್ಕೂ, ಇಡೀ ತೋಳನ್ನು ಎಡಬಲಕ್ಕೆ ತಿರುಗಿಸುವ ಬುಡಗಂಬಕ್ಕೂ ಹೈಡ್ರಾಲಿಕ್ ಸಿಲಿಂಡರುಗಳಿರುತ್ತವೆ. ಟ್ರ್ಯಾಕ್ಟರಿನ ಎಂಜಿನ್ನಿನ ಬಲವನ್ನು ಹೊರಗಿನ ಸಲಕರಣೆಗೆ ಕೊಡುವ, ನಿಮಿಷಕ್ಕೆ 540 ಸುತ್ತು ತಿರುಗುವ ಪಿಟಿಒ ದಂಡದಿಂದ ನಡೆಯುವ ಪಂಪು ಎಣ್ಣೆಯನ್ನು ಒತ್ತಡದಲ್ಲಿ ಕಳಿಸುತ್ತದೆ. ಲಿವರುಗಳ ಕೆಳಗಿನ ಕಂಟ್ರೋಲ್ ವಾಲ್ವು ಆ ಎಣ್ಣೆ ಯಾವ ಸಿಲಿಂಡರಿಗೆ, ಪಿಸ್ಟನ್ನಿನ ಯಾವ ಬದಿಗೆ ಹೋಗಬೇಕೆಂಬುದನ್ನು ನಿರ್ಣಯಿಸುತ್ತದೆ.

ಕಟ್ಟುವ ಕೆಲಸದಲ್ಲಿ ಕಣ್ಣಿಗೆ ಬೀಳುವುದು ಉಕ್ಕಿನ ಪಟ್ಟಿಗಳಾದರೂ ಕೆಲಸ ಕೆಡುವುದು ಪಿನ್ನು ಮತ್ತು ಬುಷ್‌ಗಳಲ್ಲಿ. ತೋಳಿನ ಎರಡು ಬದಿಯ ರಂಧ್ರಗಳು ಒಂದೇ ನೇರದಲ್ಲಿ ಇರದೆ ಕೂದಲೆಳೆಯಷ್ಟು ವಾರೆಯಾದರೆ ಗ್ರೀಸು ಎಷ್ಟು ತುಂಬಿದರೂ ಬುಷ್ ಒಂದೇ ಬದಿಗೆ ಸವೆಯುತ್ತದೆ, ತೋಳಿನ ತುದಿಯಲ್ಲಿ ಬಕೆಟ್ಟು ಓಲಾಡತೊಡಗುತ್ತದೆ. ಗುಜರಿಯಿಂದ ತಂದ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕತ್ತರಿಸಿ ಬಕೆಟ್ಟಿಗೆ ಹಲ್ಲು ಮಾಡುವುದುಂಟು. ಅದು ಇಂಗಾಲ ಹೆಚ್ಚಿರುವ ಉಕ್ಕಾದುದರಿಂದ ತಣ್ಣಗಿರುವಾಗಲೇ ವೆಲ್ಡಿಂಗ್ ಹಿಡಿದರೆ ಬೆಸುಗೆಯ ಅಂಚಿನಲ್ಲಿ ಕಾಣದ ಬಿರುಕು ಹುಟ್ಟಿ, ಮೊದಲ ಬಂಡೆ ತಗುಲಿದಾಗ ಹಲ್ಲು ಕಳಚಿ ಗುಂಡಿಯಲ್ಲಿ ಉಳಿಯುತ್ತದೆ. ಇವಕ್ಕಿಂತ ದೊಡ್ಡ ವಿಷಯ ಬಲ ಮತ್ತು ತೂಕದ ನಡುವಿನದು. 50 ಮಿಲಿಮೀಟರ್ ಒಳವ್ಯಾಸದ ಸಿಲಿಂಡರಿಗೆ ಚದರ ಸೆಂಟಿಮೀಟರಿಗೆ 140 ಕಿಲೋ ಒತ್ತಡದ ಎಣ್ಣೆ ಸಿಕ್ಕರೆ ಅದು ಸುಮಾರು 2,700 ಕಿಲೋ ತೂಕದಷ್ಟು ಬಲದಿಂದ ತಳ್ಳುತ್ತದೆ, ಆದರೆ ಅದನ್ನು ಹೊತ್ತ 20 ಅಶ್ವಶಕ್ತಿಯ ಆಸುಪಾಸಿನ ಟ್ರ್ಯಾಕ್ಟರು ಸಾಮಾನ್ಯವಾಗಿ ಒಂದು ಟನ್ನಿನ ಸುತ್ತಮುತ್ತಲೇ ತೂಗುತ್ತದೆ. ಆದ್ದರಿಂದ ಹಲ್ಲು ಬಂಡೆಯ ಅಂಚಿಗೆ ಸಿಕ್ಕಿಕೊಂಡಾಗ ಬಂಡೆ ಮೇಲೇಳುವ ಬದಲು ಟ್ರ್ಯಾಕ್ಟರೇ ಎದ್ದು ನಿಲ್ಲುವುದು ವಿಚಿತ್ರವೇನಲ್ಲ. ಉಳುಮೆಯ ಸಲಕರಣೆಗಳನ್ನು ತಗುಲಿಸುವ ಮೂರು ಕೊಂಡಿಯ ಜೋಡಣೆ ಮೇಲಕ್ಕೆ ಏಳುವುದನ್ನು ತಡೆಯುವುದಿಲ್ಲವಾಗಿ, ಬರೀ ಅದಕ್ಕೆ ಈ ತೋಳನ್ನು ಕಟ್ಟಿದರೆ ಚೌಕಟ್ಟು ಒಮ್ಮೆಗೇ ಮೇಲೆ ಮಡಚಿ ನಡೆಸುವವನನ್ನು ಟ್ರ್ಯಾಕ್ಟರಿಗೆ ಒತ್ತಿಬಿಡಬಹುದು. ಇದನ್ನು ತಪ್ಪಿಸಲು ಟ್ರ್ಯಾಕ್ಟರಿನ ಒಡಲಿನುದ್ದಕ್ಕೂ ಹಾಯುವ ಬಲವಾದ ಚೌಕಟ್ಟು, ನೆಲಕ್ಕೆ ಊರುವ ಎರಡು ಕಾಲು, ಒತ್ತಡ ಗೊತ್ತಾದ ಮಿತಿ ಮೀರಿದೊಡನೆ ಎಣ್ಣೆಯನ್ನು ಟ್ಯಾಂಕಿಗೆ ಹಿಂದಿರುಗಿಸುವ ರಿಲೀಫ್ ವಾಲ್ವು ಬೇಕೇ ಬೇಕು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ನೆಲದಲ್ಲಿ ಇಂಥ ಯಂತ್ರಕ್ಕೆ ಕೆಲಸ ಹುಡುಕಬೇಕಾಗಿಲ್ಲ. ಕೆಮ್ಮಣ್ಣಿನ ಒಂದೆರಡು ಅಡಿ ಕೆಳಗೆ ಗರಸು, ಅದರ ಕೆಳಗೆ ನಂದಿಬೆಟ್ಟದ ಬಳಗದ ಕಣಶಿಲೆ; ಬತ್ತದೆ ಹರಿಯುವ ಒಂದು ಹೊಳೆಯೂ ಇಲ್ಲದ, ಉತ್ತರ ಪಿನಾಕಿನಿ ಮಳೆಗಾಲದಲ್ಲಷ್ಟೇ ಮುಖ ತೋರಿಸುವ ಸೀಮೆ. ಕೆರೆಗಳ ಸರಣಿಯನ್ನು ಕಟ್ಟಿ ಬದುಕಿದ ಈ ಸೀಮೆ ಕೊಳವೆಬಾವಿಯ ಕಾಲ ಬಂದ ಮೇಲೆ ಸಾವಿರ ಅಡಿಗಿಂತ ಆಳಕ್ಕೆ ಇಳಿಯಿತು, ಅಂತರ್ಜಲದ ಅತಿಬಳಕೆಯ ಪಟ್ಟಿಗೂ ಸೇರಿತು. ಹಿಪ್ಪುನೇರಳೆ ಗಿಡಕ್ಕೆ ಗುಂಡಿ, ದ್ರಾಕ್ಷಿ ಚಪ್ಪರದ ಕಲ್ಲುಕಂಬಕ್ಕೆ ಗುಂಡಿ, ಹನಿ ನೀರಾವರಿಯ ಪೈಪಿಗೆ ಕಾಲುವೆ, ಮಳೆನೀರು ಹಿಡಿಯಲು ಕೃಷಿಹೊಂಡ, ಬದುವಿನ ಪಕ್ಕಕ್ಕೆ ಇಂಗುಗುಂಡಿ ಇವೆಲ್ಲ ಕೈಗೆ ಹೆಚ್ಚು, ದೊಡ್ಡ ಜೆಸಿಬಿಗೆ ಕಡಿಮೆ ಎನಿಸುವ ಕೆಲಸಗಳು. ಸಾಲುಗಳ ನಡುವೆ ದೊಡ್ಡ ಯಂತ್ರ ನುಗ್ಗುವುದೂ ಇಲ್ಲ. ಮನೆಯಲ್ಲೇ ಕಟ್ಟಿದ ತೋಳಿನ ಯೋಚನೆ ಹುಟ್ಟುವುದು ಈ ತೆರಪಿನಲ್ಲಿ.

ಹಿಂಸೆಯ ಪ್ರಶ್ನೆಯನ್ನು ಅತ್ಯಂತ ಸೂಕ್ಷ್ಮವಾಗಿ ಕೈಗೆತ್ತಿಕೊಂಡವರು ಜೈನರು. ಅವರ ತತ್ತ್ವದಂತೆ ಮಣ್ಣೇ ಶರೀರವಾಗಿ ಉಳ್ಳ ‘ಪೃಥ್ವೀಕಾಯ’ ಜೀವಗಳುಂಟು. ಸ್ಪರ್ಶವೆಂಬ ಒಂದೇ ಇಂದ್ರಿಯವುಳ್ಳ ಆ ಜೀವಗಳಿಗೆ ಗುದ್ದಲಿಯ ಏಟು ಏಟೇ. ನೆಲವನ್ನು ಒಡೆದು ಬದುಕುವ ‘ಸ್ಫೋಟಜೀವಿಕೆ’ಯನ್ನು ಶ್ರಾವಕರು, ಅಂದರೆ ಗೃಹಸ್ಥ ಜೈನರು, ಬಿಡಬೇಕಾದ ಹದಿನೈದು ಉದ್ಯೋಗಗಳಲ್ಲಿ ಒಂದೆಂದು ಶ್ವೇತಾಂಬರ ಗ್ರಂಥಗಳು ಎಣಿಸಿವೆ. ಬೌದ್ಧ ವಿನಯವೂ ಭಿಕ್ಷು ನೆಲವನ್ನು ಅಗೆಯಬಾರದು, ಅಗೆಸಲೂಬಾರದು ಎಂದಿದೆ. ಹೀಗಿದ್ದರೂ ಗೃಹಸ್ಥನ ಬದುಕು ನಡೆಯಲೇಬೇಕಾದುದರಿಂದ ಜೈನ ಚಿಂತಕರು ಸಂಕಲ್ಪಪೂರ್ವಕ ಹಿಂಸೆಯನ್ನು ಉದ್ಯೋಗದಲ್ಲಿ ಅನಿವಾರ್ಯವಾಗಿ ಘಟಿಸುವ ಹಿಂಸೆಯಿಂದ ಬೇರ್ಪಡಿಸಿದರು. ಗೂಡಿನೊಳಗಿನ ಹುಳುವನ್ನು ಕೊಂದ ಮೇಲೆಯೇ ನೂಲು ಬಿಚ್ಚಿಕೊಳ್ಳುವ ಶಿಡ್ಲಘಟ್ಟದಂಥ ರೇಷ್ಮೆ ಪೇಟೆಗೆ ಈ ಭೇದದ ಭಾರ ಚೆನ್ನಾಗಿ ಗೊತ್ತಿರಬೇಕು. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪ್ರಯೋಜನವಿಲ್ಲದ ಕೇಡುಗಳನ್ನು ‘ಅನರ್ಥದಂಡ’ ಎಂದು ಕರೆಯುವ ಆ ಗ್ರಂಥ, ಫಲವಿಲ್ಲದೆ ನೆಲವನ್ನೂ ನೀರನ್ನೂ ಕದಡುವುದನ್ನು ಅದರ ಒಂದು ಬಗೆಯಾಗಿಯೂ, ಕೊಲೆಗೆ ಕಾರಣವಾಗಬಲ್ಲ ಉಪಕರಣಗಳನ್ನು ಇತರರಿಗೆ ಕೊಡುವುದನ್ನು ‘ಹಿಂಸಾದಾನ’ವೆಂಬ ಇನ್ನೊಂದು ಬಗೆಯಾಗಿಯೂ ಹೇಳುತ್ತದೆ. ಆ ಉಪಕರಣಗಳ ಪಟ್ಟಿಯಲ್ಲಿ ಕೊಡಲಿ, ಕತ್ತಿಗಳ ಜೊತೆಗೆ ‘ಖನಿತ್ರ’ವೂ, ಎಂದರೆ ಅಗೆಯುವ ಸಲಕರಣೆಯೂ, ಇದೆ. ಗುದ್ದಲಿಯನ್ನು ಎರವಲು ಕೊಡುವುದರಲ್ಲಿಯೂ ಕೊಡುವವನ ಪಾಲಿದೆ ಎಂಬ ಈ ಮಾತು ಅತಿಯೆಂದು ಕಾಣುವುದು ಅದು ಗುದ್ದಲಿಯಾಗಿರುವವರೆಗೆ ಮಾತ್ರ.

ವೈದಿಕ ಪರಂಪರೆಯ ಧಾಟಿ ಬೇರೆ. ಅಥರ್ವವೇದದ ಭೂಮಿಸೂಕ್ತ ಅಗೆಯುವುದನ್ನು ನಿಷೇಧಿಸುವುದಿಲ್ಲ. ಅಗೆದ ಜಾಗ ಬೇಗ ತುಂಬಿಕೊಳ್ಳಲಿ, ಅಗೆಯುವವನು ಭೂಮಿಯ ಮರ್ಮಕ್ಕೆ ತಾಗದಿರಲಿ ಎಂಬುದು ಅದರ ಪ್ರಾರ್ಥನೆಯ ಒಂದು ಭಾಗ. ಮರ್ಮ ಎಷ್ಟು ಆಳದಲ್ಲಿದೆ ಎಂದು ಸೂಕ್ತ ಹೇಳಿಲ್ಲವಾದರೂ, ಮೂರಡಿಯ ಗುಂಡಿ ಎರಡು ಮಳೆಗೆ ತುಂಬಿಕೊಳ್ಳುತ್ತದೆ, ಸಾವಿರದಿನ್ನೂರು ಅಡಿಯ ಕೊಳವೆ ಬರಿದು ಮಾಡಿದ ನೀರು ಒಂದು ತಲೆಮಾರಿನಲ್ಲಿಯೂ ತುಂಬಿಕೊಳ್ಳುವುದಿಲ್ಲ ಎಂಬುದನ್ನು ಈ ನಾಲ್ಕು ತಾಲ್ಲೂಕುಗಳು ಅನುಭವದಿಂದ ಬಲ್ಲವು. ಆ ಲೆಕ್ಕದಲ್ಲಿ ನೋಡಿದರೆ ಅಡಿಗಳಲ್ಲಿ ಅಗೆಯುವ ಸಣ್ಣ ತೋಳಿಗಿಂತ ಇಂಚುಗಳ ಅಗಲದಲ್ಲಿ ಇಳಿಯುವ ಕೊಳವೆಬಾವಿಯ ರಿಗ್ಗೇ ಸೂಕ್ತದ ಭಯಕ್ಕೆ ಹೆಚ್ಚು ಹತ್ತಿರದ್ದು.

ಹಿಂಸೆ ನಡೆಯಿತೆಂದೇ ಒಪ್ಪಿದರೂ ಅದನ್ನು ಮಾಡಿದವನು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಪ್ರತಿಯೊಂದು ಕರ್ಮಕ್ಕೂ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳನ್ನು ಹೇಳುತ್ತದೆ. ಅಧಿಷ್ಠಾನವೆಂದರೆ ಕರ್ಮಕ್ಕೆ ನೆಲೆಯಾದ ಶರೀರ, ಕರಣವೆಂದರೆ ಸಾಧನ. ಇದಕ್ಕಿಂತ ಬಿಗಿಯಾದ ಚರ್ಚೆ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿದೆ. ಅಲ್ಲಿ ಜೀವನ ಕರ್ತೃತ್ವವನ್ನು, ಅಂದರೆ ಮಾಡುವವನಾಗಿರುವ ಗುಣವನ್ನು, ವಿಚಾರಿಸುವ ಸೂತ್ರಕಾರ ‘ತಕ್ಷ’ನನ್ನು, ಎಂದರೆ ಬಡಗಿಯನ್ನು, ಉದಾಹರಣೆಯಾಗಿ ಕರೆತರುತ್ತಾನೆ. ಶಂಕರರ ಪ್ರಕಾರ ಬಡಗಿ ಬಾಚಿಯನ್ನು ಹಿಡಿದಿರುವಾಗ ಕರ್ತೃವೂ ದುಃಖಿಯೂ ಆಗಿದ್ದು, ಮನೆಗೆ ಬಂದು ಉಪಕರಣವನ್ನು ಕೆಳಗಿಟ್ಟಾಗ ಸುಖಿಯಾಗಿರುವಂತೆ, ಆತ್ಮನಿಗೆ ಕರ್ತೃತ್ವವೆಂಬುದು ಬುದ್ಧಿ ಮೊದಲಾದ ಉಪಾಧಿಗಳಿಂದ ಬಂದದ್ದೇ ಹೊರತು ಸ್ವಭಾವದ್ದಲ್ಲ. ರಾಮಾನುಜರು ಅದೇ ಬಡಗಿಯಲ್ಲಿ ಬೇರೊಂದನ್ನು ಕಂಡರು: ಬಾಚಿ ಪಕ್ಕದಲ್ಲೇ ಇದ್ದರೂ ಅವನು ಇಷ್ಟವಾದರೆ ಕೆತ್ತುತ್ತಾನೆ, ಇಲ್ಲವಾದರೆ ಇಲ್ಲ, ಆದ್ದರಿಂದ ಕರ್ತೃತ್ವ ಇಚ್ಛೆಯುಳ್ಳ ಚೇತನದ್ದೇ, ಸಾಧನದ್ದಲ್ಲ. ಮಧ್ವರಿಗಾದರೋ ಬಡಗಿ ಕೆಲಸ ಹೇಳಿದ ಯಜಮಾನನ ಅಧೀನದಲ್ಲಿದ್ದುಕೊಂಡೇ ತಾನೂ ಕರ್ತೃವಾಗಿರುವವನು. ಜೀವನ ಕರ್ತೃತ್ವ ನಿಜ, ಆದರೆ ಸ್ವತಂತ್ರವಲ್ಲ.

ಈ ಮೂರು ವ್ಯಾಖ್ಯಾನಗಳಲ್ಲಿಯೂ ಒಂದು ವಿಷಯ ಚರ್ಚೆಗೆ ಬಂದಿಲ್ಲ: ಬಾಚಿಯನ್ನು ಮಾಡಿದವನು ಯಾರು? ಉದಾಹರಣೆಯ ಬಡಗಿ ಅದನ್ನು ಕಮ್ಮಾರನಿಂದ ಪಡೆದಿದ್ದಾನು. ಕರ್ತೃ ಮತ್ತು ಕರಣ ಬೇರೆ ಬೇರೆ ಕಡೆಯಿಂದ ಬಂದು ಕೂಡಿದ್ದರಿಂದಲೇ ಅವುಗಳ ಸಂಬಂಧವನ್ನು ವಿಚಾರಿಸಲು ಎಡೆಯಾಯಿತು. ಕೈಯಾರೆ ಕಟ್ಟಿದ ಅಗೆಯುವ ತೋಳಿನಲ್ಲಿ ಈ ದೂರ ಇಲ್ಲವಾಗುತ್ತದೆ. ರಿಲೀಫ್ ವಾಲ್ವನ್ನು ಎಷ್ಟು ಒತ್ತಡಕ್ಕೆ ಬಿಗಿಯಬೇಕು, ತೋಳು ಎಷ್ಟು ಆಳ ತಲುಪಬೇಕು, ಕಾಲುಗಳು ಎಷ್ಟು ಅಗಲಕ್ಕೆ ಊರಬೇಕು ಎಂದು ನಿರ್ಣಯಿಸಿದ ಬುದ್ಧಿಯೇ ಲಿವರನ್ನೂ ಎಳೆಯುತ್ತದೆ. ಆದ್ದರಿಂದ ಮಾಡುವವನ ಇಚ್ಛೆ ಕೆಲಸದ ಹೊತ್ತಿಗೆ ಹುಟ್ಟಿದ್ದಲ್ಲ, ಉಕ್ಕಿನ ಅಳತೆಯಾಗಿ ಮೊದಲೇ ಬೆಸೆದುಕೊಂಡಿದೆ. ಉಪಕರಣ ಕೆಳಗಿಟ್ಟರೂ ಅವನ ಕರ್ತೃತ್ವ ಶೆಡ್ಡಿನಲ್ಲಿ ನಿಂತೇ ಇರುತ್ತದೆ ಎನ್ನಬೇಕಾಗುತ್ತದೆ. ಶಂಕರರ ಬಡಗಿಗೆ ಸಿಕ್ಕ ಸಂಜೆಯ ನೆಮ್ಮದಿ ಇವನಿಗೆ ಅಷ್ಟು ಸುಲಭವಾಗಿ ಸಿಕ್ಕುವಂಥದ್ದಲ್ಲ. ರಾಮಾನುಜರ ವಾದ ಇವನ ಮಟ್ಟಿಗೆ ಹೆಚ್ಚು ಹೊಂದುತ್ತದೆ.

ಬಾಡಿಗೆಗೆ ಬರುವ ದೊಡ್ಡ ಜೆಸಿಬಿಯ ವಿಷಯದಲ್ಲಿ ಇದೆಲ್ಲ ತಲೆಕೆಳಗಾಗುತ್ತದೆ. ಅಲ್ಲಿ ಯಂತ್ರ ಕಂಪನಿಯದು, ಸಾಲ ಬ್ಯಾಂಕಿನದು, ಒಡೆತನ ಮತ್ತೊಬ್ಬನದು, ಲಿವರಿನ ಮೇಲಿನ ಕೈ ದಿನಗೂಲಿಯ ಚಾಲಕನದು, ಅಗೆಯೆಂದವನು ಬೇರೆ, ಅಗೆದ ಮಣ್ಣನ್ನು ಕೊಂಡವನು ಇನ್ನೂ ಬೇರೆ. ಗಂಟೆಗೆ ಇಷ್ಟೆಂದು ಮೀಟರು ಓಡುತ್ತಿರುವಾಗ ಯಂತ್ರವನ್ನು ನಿಲ್ಲಿಸಿ ಯೋಚಿಸುವವನಿಗೇ ನಷ್ಟ. ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಎಂಬರ್ಥದ ‘ಕೃತ, ಕಾರಿತ, ಅನುಮೋದಿತ’ ಎಂಬ ಮೂರು ವಿಭಾಗಗಳನ್ನು ಜೈನರು ರೂಪಿಸಿದ್ದು ಪಾಲುದಾರರು ಹೆಚ್ಚಾದಷ್ಟೂ ಪಾಪ ತೆಳುವಾಗುತ್ತದೆಂಬ ಭ್ರಮೆಗೆ ಎಡೆಗೊಡದಿರುವುದಕ್ಕೆ; ಅವರ ಲೆಕ್ಕದಲ್ಲಿ ಮೂವರಿಗೂ ಪಾಲುಂಟು. ಇಂದಿನ ವ್ಯವಹಾರ ಅದೇ ವಿಭಾಗವನ್ನು ಯಾರಿಗೂ ಪಾಲಿಲ್ಲವೆನ್ನಲು ಬಳಸಿಕೊಂಡಿದೆ. ಕೆರೆಯಂಗಳದ ಮಣ್ಣನ್ನು ತೊಳೆದು ತೆಗೆಯುವ ‘ಫಿಲ್ಟರ್ ಮರಳಿ’ನ ದಂಧೆ ಹಳೆಯ ಕೋಲಾರ ಜಿಲ್ಲೆಯ ಸೀಮೆಯಲ್ಲಿ ಬೇರೂರಿದ್ದು ಇಂಥ ಹಂಚಿಹೋದ ಕರ್ತೃತ್ವದ ಮರೆಯಲ್ಲಿ.

ಕೆರೆ ಅಗೆಯುವವನ ಆತ್ಮವಿಚಾರಕ್ಕೆ ಕನ್ನಡದಲ್ಲಿ ಅತ್ಯಂತ ಪ್ರಸಿದ್ಧವಾದ ಪ್ರಸಂಗ ಸೊನ್ನಲಿಗೆಯದು. ಹನ್ನೆರಡನೆಯ ಶತಮಾನದ ಸಿದ್ಧರಾಮ ಅಲ್ಲಿ ಕೆರೆಯನ್ನು ಕಟ್ಟಿಸುವುದರಲ್ಲಿ ಮುಳುಗಿರುವಾಗ ಅಲ್ಲಮಪ್ರಭು ಬಂದು ಅವನನ್ನು ಒಡ್ಡನೆಂದು ಕರೆದು ಹಂಗಿಸಿದನೆಂದೂ, ಕೆಲಸದಾಳುಗಳು ಸಿಟ್ಟಿಗೆದ್ದು ಕಲ್ಲು ಬೀರಿದರೆಂದೂ ಶೂನ್ಯಸಂಪಾದನೆ ಹೇಳುತ್ತದೆ. ಅಲ್ಲಮ ಕೆರೆಯ ವಿರೋಧಿಯೆಂದು ಇದನ್ನು ಓದುವುದು ಸರಿಯಲ್ಲ; ಕೆರೆಯ ಜೊತೆಗೆ ಬೆಳೆಯುತ್ತಿದ್ದ ‘ಕಟ್ಟಿಸಿದವನು’ ಎಂಬ ಭಾವಕ್ಕೆ ಅವನ ಪೆಟ್ಟು ಬಿದ್ದದ್ದು. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣ ತಾತಯ್ಯ ಬಳೆಯ ವ್ಯಾಪಾರವನ್ನು ಬಿಟ್ಟು ತಪಸ್ಸಿಗೆ ತೆರಳಿದರೆಂಬ ಕಥೆಗೂ, ಸಿದ್ಧರಾಮನ ಕಥೆಗೂ ಇರುವ ವ್ಯತ್ಯಾಸ ಗಮನಿಸತಕ್ಕದ್ದು. ತಾತಯ್ಯ ಕಸುಬನ್ನು ಬಿಟ್ಟರು. ಸಿದ್ಧರಾಮ ಬಿಡಬೇಕಾದದ್ದು ಕಸುಬಿನೊಳಗಿನ ಹೆಮ್ಮೆಯನ್ನು, ಇದು ಇನ್ನೂ ಕಷ್ಟದ್ದು. ತಾನೇ ಯಂತ್ರ ಕಟ್ಟಿದವನಿಗೆ ಈ ಎರಡನೆಯ ಅಪಾಯ ಹತ್ತಿರದ್ದು, ಏಕೆಂದರೆ ಕೊಂಡ ವಸ್ತುವಿನ ಬಗ್ಗೆ ಯಾರೂ ಅಷ್ಟು ಹಿಗ್ಗುವುದಿಲ್ಲ. ಹೆಮ್ಮೆಯಿಂದ ಅಗೆದ ಗುಂಡಿ ಬೇಕಾದದ್ದಕ್ಕಿಂತ ಆಳವಾಗಿಯೇ ಇರುತ್ತದೆ.

ಸಿದ್ಧರಾಮನನ್ನು ಗುರುವೆಂದು ನಂಬುವ ಭೋವಿ ಅಥವಾ ಒಡ್ಡರ ಸಮುದಾಯವೇ ಈ ಸೀಮೆಯ ಕೆರೆಗಳ ಏರಿಗಳಿಗೆ ಮಣ್ಣು ಹೊತ್ತದ್ದು ಎಂಬುದನ್ನು ಮರೆತರೆ ಚರ್ಚೆ ಅರ್ಧವಾಗುತ್ತದೆ. ಮಣ್ಣುಒಡ್ಡರ ಗುದ್ದಲಿ, ಮಂಕರಿಗಳ ಕೆಲಸವನ್ನು ಕಿತ್ತುಕೊಂಡದ್ದು ಇದೇ ಯಂತ್ರಕುಲ. ನಂದಿಬೆಟ್ಟದಲ್ಲಿ 1927ರಲ್ಲಿಯೂ 1936ರಲ್ಲಿಯೂ ವಿಶ್ರಾಂತಿಗೆ ತಂಗಿದ್ದ ಗಾಂಧೀಜಿ ಯಂತ್ರವನ್ನು ಸಾರಾಸಗಟಾಗಿ ತಿರಸ್ಕರಿಸಿದವರಲ್ಲ. ದುಡಿಯುವವನ ಶ್ರಮವನ್ನು ಹಗುರ ಮಾಡುವ ಹೊಲಿಗೆ ಯಂತ್ರವನ್ನು ಅವರು ಒಪ್ಪಿದ್ದರು, ದುಡಿಯುವವರನ್ನೇ ಹೊರಗಟ್ಟುವ ಯಂತ್ರವನ್ನು ಒಪ್ಪಲಿಲ್ಲ. 2005ರಲ್ಲಿ ಅಂಗೀಕಾರಗೊಂಡು ಮುಂದೆ ಅವರ ಹೆಸರನ್ನು ಹೊತ್ತಿದ್ದ ಉದ್ಯೋಗ ಖಾತರಿ ಕಾಯ್ದೆ ಕೂಲಿಯವರ ಕೈಗಳನ್ನು ಸ್ಥಳಾಂತರಿಸುವ ಯಂತ್ರಗಳನ್ನು ಕಾಮಗಾರಿಯಿಂದ ಸಾಧ್ಯವಾದಷ್ಟೂ ದೂರವಿಡಬೇಕೆಂದು ವಿಧಿಸಿದ್ದು ಆ ವಿವೇಕದ ಮುಂದುವರಿಕೆಯೇ. ತನ್ನ ಹೊಲದ ಗುಂಡಿಯನ್ನು ತನ್ನ ಬೆನ್ನು ಉಳಿಯಲೆಂದು ತೋಳಿನಿಂದ ತೆಗೆಯುವವನು ಹೊಲಿಗೆ ಯಂತ್ರದ ಸಾಲಿಗೆ ಸೇರುತ್ತಾನೆ ಎಂದರೆ ತಪ್ಪಾಗಲಾರದು.

ಉಳಿದದ್ದು ಪೂಜೆಯ ಮಾತು. ಗುದ್ದಲಿ ನೆಲಕ್ಕೆ ತಾಗುವ ಮೊದಲು ಭೂಮಿಪೂಜೆ, ಮಹಾನವಮಿಯ ದಿನ ಉಪಕರಣಗಳಿಗೆ ಕುಂಕುಮ, ಚಕ್ರದಡಿಗೆ ನಿಂಬೆಹಣ್ಣು, ಎದುರಿಗೆ ಬೂದುಗುಂಬಳ ಇವು ಇಲ್ಲಿ ಇಂದಿಗೂ ತಪ್ಪದೆ ನಡೆಯುತ್ತವೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರು ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಜೀವನವಿಡೀ ಹೇಳಿದವರು. ಅವರ ಕಣ್ಣಿನಿಂದ ನೋಡಿದರೆ ನಿಂಬೆಹಣ್ಣು ಟ್ರ್ಯಾಕ್ಟರನ್ನು ಮಗುಚದಂತೆ ತಡೆಯುವುದಿಲ್ಲ, ತಡೆಯುವುದು ಅಗಲವಾಗಿ ಊರಿದ ಕಾಲು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ಅಳವಡಿಸಿದ, ನೀರು ಮಿತಿಗೆ ಏರಿದೊಡನೆ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳು ಯಂತ್ರದೊಳಗೇ ಸಂಯಮವನ್ನು ಇಡಬಹುದೆಂಬುದಕ್ಕೆ ಹಳೆಯ ಸಾಕ್ಷಿ. ಹೀಗಿದ್ದರೂ ಪೂಜೆಯನ್ನು ಬರಿಯ ಮೌಢ್ಯವೆಂದು ಬದಿಗೆ ಸರಿಸುವುದು ಅವಸರದ ತೀರ್ಪಾದೀತು. ವರ್ಷಕ್ಕೊಮ್ಮೆಯಾದರೂ ಯಂತ್ರವನ್ನು ತೊಳೆದು ಅದರ ಮುಂದೆ ಸುಮ್ಮನೆ ನಿಲ್ಲುವ ಪದ್ಧತಿ, ಅದನ್ನು ಮಾಡಿದವನಿಗೆ ಅದರ ಬಿರುಕುಗಳನ್ನು ಕಾಣಿಸುವ ಪದ್ಧತಿಯೂ ಆಗಬಲ್ಲದು. ತೊಳೆಯದ ಬೆಸುಗೆಯಲ್ಲಿ ಬಿರುಕು ಕಾಣುವುದಿಲ್ಲ.

ಇಷ್ಟರಿಂದ ಒಂದು ನಿರ್ಣಯಕ್ಕೆ ಬರಬಹುದು. ಸ್ವಂತ ಹೊಲದಲ್ಲಿ, ಮಳೆನೀರಿಗೋ ಗಿಡಕ್ಕೋ, ತುಂಬಿಕೊಳ್ಳಬಲ್ಲಷ್ಟು ಆಳಕ್ಕೆ ಅಗೆಯುವ ಮನೆಕಟ್ಟಿನ ತೋಳು ಮನುವಿನ ಮಹಾಯಂತ್ರವಲ್ಲ. ಜೈನರ ಲೆಕ್ಕದಲ್ಲಿಯೂ ಅದರ ಹಿಂಸೆ ಉದ್ಯೋಗದ ಹಿಂಸೆಯಾಗಿ ಗೃಹಸ್ಥನಿಗೆ ಕ್ಷಮ್ಯವೇ. ಅದರ ಸ್ವರೂಪ ಬದಲಾಗುವುದು ಕೀಲಿಕೈ ಇನ್ನೊಬ್ಬನ ಕೈಗೆ ಹೋದ ದಿನ. ಕಾಲು ಊರುವ ಜಾಗ ತಿಳಿಯದವನು ಅದನ್ನು ನಡೆಸಿ ಮಗುಚಿಕೊಂಡರೂ, ರಾತ್ರಿಯ ಹೊತ್ತು ಅದು ಕೆರೆಯಂಗಳಕ್ಕೆ ಇಳಿದರೂ, ಅದನ್ನು ಕಟ್ಟಿದವನು ಸಮಂತಭದ್ರರು ಹೇಳಿದ ಹಿಂಸಾದಾನದಿಂದ ಪಾರಾಗಲಾರ, ಬಾಡಿಗೆ ಪಡೆದಿರಲಿ, ಸ್ನೇಹಕ್ಕೆ ಕೊಟ್ಟಿರಲಿ. ಆದ್ದರಿಂದ ಇಂಥ ಯಂತ್ರವನ್ನು ಕಟ್ಟಲು ಹೊರಟವರು ಪಂಪು, ಸಿಲಿಂಡರುಗಳ ಬೆಲೆ ವಿಚಾರಿಸುವ ಮೊದಲು, ಅದನ್ನು ಎರವಲು ಕೇಳಿಕೊಂಡು ಬರುವ ನೆಂಟರಿಗೂ ನೆರೆಯವರಿಗೂ ಏನು ಹೇಳಬೇಕೆಂಬುದನ್ನು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.